ಜೂಲಿಯನ್ ಬಾಂಡ್

ಹೊರೇಸ್ ಜೂಲಿಯನ್ ಬಾಂಡ್ (14 ಜನವರಿ 1940 – 15 ಆಗಸ್ಟ್ 2015). ಅಮೆರಿಕ ಸಂಯುಕ್ತ ಸಂಸ್ಥಾನದ ಜಾರ್ಜಿಯಾ ರಾಜ್ಯದ ಶಾಸಕ, ನಾಗರಿಕ ಹಕ್ಕುಗಳ ಹೋರಾಟಗಾರ, ಅಧ್ಯಾಪಕ. ರಾಜ್ಯದ ಕೆಳಮನೆಯಲ್ಲಿ 1967ರಿಂದ 1975ರವರೆಗೆ, ಮೇಲ್ಮನೆಯಾದ ಸೆನೆಟ್‌ನಲ್ಲಿ 1975ರಿಂದ 1987ರವರೆಗೆ ಸದಸ್ಯರಾಗಿದ್ದರು. ಆ ಇಪ್ಪತ್ತು ವರ್ಷ ಕುಳಿತ ಕುರ್ಚಿಗಿಂತ, ಅದಕ್ಕೂ ಮುಂಚೆ ಒಂದು ವರ್ಷ ಕೂರಲು ಬಿಡದೆ ಖಾಲಿ ಇಟ್ಟ ಕುರ್ಚಿಯಿಂದಲೇ ಅವರ ಹೆಸರು ಕಾನೂನಿನ ಪುಸ್ತಕ ಸೇರಿತು. ಮತದಾರರು ಗೆಲ್ಲಿಸಿ ಕಳಿಸಿದವರ ಅಭಿಪ್ರಾಯ ಹಿಡಿಸಲಿಲ್ಲವೆಂದು ಸದನ ಅವರನ್ನು ಬಾಗಿಲಲ್ಲೇ ತಡೆಯಬಹುದೆ ಎಂಬ ಪ್ರಶ್ನೆ ಅವರಿಂದಾಗಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅವರ ರಾಜಕೀಯ ಜೀವನದ ಇನ್ನೊಂದು ವಿಶೇಷವನ್ನು ಚರಿತ್ರೆಕಾರರು ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಆ ಜೀವನಕ್ಕೆ ಬಾಗಿಲು ತೆರೆದದ್ದು ಕ್ಷೇತ್ರಗಳ ಗಡಿ ಬದಲಾದದ್ದರಿಂದ; ಅದು ಮುಚ್ಚಿದ್ದೂ ಗಡಿ ಬದಲಾದದ್ದರಿಂದಲೇ, ಅದರಲ್ಲೂ ಸ್ವತಃ ಬಾಂಡ್ ಹಟ ಹಿಡಿದು ಹೋರಾಡಿದ ಮರುವಿಂಗಡಣೆಯಿಂದ.

ಮನೆತನ, ಓದು

ಬಾಂಡ್ ಹುಟ್ಟಿದ್ದು ಟೆನೆಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ತಾತ ಜೇಮ್ಸ್ ಬಾಂಡ್ ಗುಲಾಮರಾಗಿ ಹುಟ್ಟಿದವರು. 1892ರಲ್ಲಿ ಕೆಂಟಕಿಯ ಬೆರಿಯಾ ಕಾಲೇಜಿನಿಂದ ಪದವಿ ಪಡೆದು ಪಾದ್ರಿಯಾದರು. ತಂದೆ ಹೊರೇಸ್ ಮನ್ ಬಾಂಡ್ ಹೆಸರಾಂತ ಶಿಕ್ಷಣತಜ್ಞರು. ಜಾರ್ಜಿಯಾದ ಫೋರ್ಟ್ ವ್ಯಾಲಿ ಕಾಲೇಜಿನ ಮುಖ್ಯಸ್ಥರಾಗಿದ್ದು, 1945ರಲ್ಲಿ ಪೆನ್ಸಿಲ್ವೇನಿಯಾದ ಲಿಂಕನ್ ವಿಶ್ವವಿದ್ಯಾಲಯದ ಮೊದಲ ಕಪ್ಪುವರ್ಣೀಯ ಅಧ್ಯಕ್ಷರಾದರು. ತಾಯಿ ಜೂಲಿಯಾ ಗ್ರಂಥಪಾಲಕಿ. ಒಂದು ತಲೆಮಾರಿನಲ್ಲಿ ಗುಲಾಮಗಿರಿ, ಎರಡನೆಯದರಲ್ಲಿ ಕುಲಪತಿ ಪದವಿ, ಮೂರನೆಯದರಲ್ಲಿ ಶಾಸನಸಭೆ ಎಂದು ಈ ವಂಶಾವಳಿಯನ್ನು ಏಣಿಯ ಹಾಗೆ ಓದುವವರುಂಟು. ಆದರೆ ಮೂರನೆಯ ಮೆಟ್ಟಿಲಿಗೆ ಬಂದವರನ್ನೂ ರಾಜ್ಯ ಕೆಳಗೆ ದಬ್ಬಲು ನೋಡಿತು ಎಂಬುದನ್ನು ಅಂಥವರು ಮರೆಯುತ್ತಾರೆ.

ಮನೆಗೆ ಡಬ್ಲ್ಯು. ಇ. ಬಿ. ಡುಬಾಯ್ಸ್, ಇ. ಫ್ರ್ಯಾಂಕ್ಲಿನ್ ಫ್ರೇಸರ್ ಅವರಂಥ ವಿದ್ವಾಂಸರು ಬಂದುಹೋಗುತ್ತಿದ್ದರು. ಎರಡು ವರ್ಷದ ಜೂಲಿಯನ್‌ನನ್ನು ವಿದ್ಯೆಗೆ ಮುಡಿಪಿಡುವ ಆಟದ ಶಾಸ್ತ್ರವೊಂದನ್ನು ಈ ಇಬ್ಬರೂ ತಂದೆಯ ಜೊತೆ ಸೇರಿ ನಡೆಸಿದ್ದರು. ಹುಡುಗ ವಿದ್ವಾಂಸನಾಗಲಿಲ್ಲ, ಕಾಲೇಜನ್ನು ನಡುವೆಯೇ ಬಿಟ್ಟ. ಆದರೆ ಕಡೆಗಾಲದಲ್ಲಿ ಸೇರಿದ್ದು ತರಗತಿಯನ್ನೇ.

ಕ್ವೇಕರ್ ಪಂಥದವರು ನಡೆಸುತ್ತಿದ್ದ ಜಾರ್ಜ್ ಸ್ಕೂಲ್‌ನಲ್ಲಿ ಪ್ರೌಢಶಾಲೆ ಮುಗಿಸಿ 1957ರಲ್ಲಿ ಬಾಂಡ್ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜು ಸೇರಿದರು. ಅದೇ ವರ್ಷ ತಂದೆಯೂ ಅಟ್ಲಾಂಟಾ ವಿಶ್ವವಿದ್ಯಾಲಯಕ್ಕೆ ಬಂದರು. ಮೋರ್‌ಹೌಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೆಲಕಾಲ ತತ್ತ್ವಶಾಸ್ತ್ರ ಕಲಿಸುತ್ತಿದ್ದರು. ಆ ತರಗತಿಯ ಬೆರಳೆಣಿಕೆಯ ವಿದ್ಯಾರ್ಥಿಗಳಲ್ಲಿ ಬಾಂಡ್ ಒಬ್ಬರು.

ಚಳವಳಿಯ ಬರಹಗಾರ

1960ರ ಫೆಬ್ರವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ಊರಿನಲ್ಲಿ ನಾಲ್ವರು ಕಪ್ಪುವರ್ಣೀಯ ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ, ಬಿಳಿಯರಿಗಷ್ಟೇ ಮೀಸಲಾಗಿದ್ದ ಜಾಗದಲ್ಲಿ, ಹೋಗಿ ಕುಳಿತರು. ಆ ಸುದ್ದಿಯ ಪತ್ರಿಕೆ ಹಿಡಿದು ಲಾನಿ ಕಿಂಗ್ ಎಂಬ ಸಹಪಾಠಿ ಅಟ್ಲಾಂಟಾದ ಔಷಧದಂಗಡಿಯೊಂದರಲ್ಲಿ ಬಾಂಡ್‌ರನ್ನು ಹುಡುಕಿಕೊಂಡು ಬಂದರು. ವಾರಗಳಲ್ಲೇ ಅಟ್ಲಾಂಟಾದ ವಿದ್ಯಾರ್ಥಿ ಚಳವಳಿ ಹುಟ್ಟಿತು. ಮಾರ್ಚ್ 15ರಂದು ನಗರಸಭೆಯ ಕಟ್ಟಡದ ಕ್ಯಾಂಟೀನಿಗೆ ಬಾಂಡ್ ಒಂದು ತಂಡವನ್ನು ಕರೆದೊಯ್ದು ಬಂಧಿತರಾದರು. ಏಪ್ರಿಲ್‌ನಲ್ಲಿ ರಾಲಿ ನಗರದ ಶಾ ವಿಶ್ವವಿದ್ಯಾಲಯದಲ್ಲಿ ಸೇರಿದ ಯುವಕರು 'ಸ್ಟೂಡೆಂಟ್ ನಾನ್‌ವಯಲೆಂಟ್ ಕೋಆರ್ಡಿನೇಟಿಂಗ್ ಕಮಿಟಿ'ಯನ್ನು ಕಟ್ಟಿದರು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ ಕರೆಯುತ್ತಿದ್ದುದು 'ಸ್ನಿಕ್' ಎಂದು. ಅದರ ಧ್ಯೇಯಪತ್ರ ಬರೆದ ಜೇಮ್ಸ್ ಲಾಸನ್ ನಾಗಪುರದಲ್ಲಿ ಮೂರು ವರ್ಷ ಇದ್ದು ಗಾಂಧೀಜಿಯ ಸತ್ಯಾಗ್ರಹವನ್ನು ಹತ್ತಿರದಿಂದ ಅಭ್ಯಾಸ ಮಾಡಿಬಂದವರು.

ಸ್ನಿಕ್‌ನಲ್ಲಿ ಬಾಂಡ್ ಪಾಲಿಗೆ ಬಂದದ್ದು ಸುದ್ದಿಯ ಕೆಲಸ. ಅಟ್ಲಾಂಟಾದಲ್ಲಿ ಹೊಸದಾಗಿ ಶುರುವಾದ 'ಅಟ್ಲಾಂಟಾ ಇನ್‌ಕ್ವೈರರ್' ಪತ್ರಿಕೆಯಲ್ಲಿ ವರದಿಗಾರರಾಗಿ, ಸಂಪಾದಕರಾಗಿ ದುಡಿದ ಅನುಭವವಿತ್ತು. 1961ರಲ್ಲಿ ಕಾಲೇಜು ಬಿಟ್ಟು ಪೂರ್ಣಾವಧಿ ಕಾರ್ಯಕರ್ತರಾದರು. ಮಿಸಿಸಿಪ್ಪಿ, ಅಲಬಾಮಗಳ ಒಳನಾಡಿನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದ ಕಾರ್ಯಕರ್ತರನ್ನು ಹೊಡೆದರೆ, ಜೈಲಿಗೆ ಹಾಕಿದರೆ ಆ ಸುದ್ದಿ ಮೊದಲು ಬರುತ್ತಿದ್ದುದು ಅಟ್ಲಾಂಟಾ ಕಚೇರಿಯ ಫೋನಿಗೆ. ಅದನ್ನು ಬರೆದು ಟೈಪಿಸಿ ಪತ್ರಿಕೆಗಳಿಗೆ, ರೇಡಿಯೊ ಕೇಂದ್ರಗಳಿಗೆ, ವಾಷಿಂಗ್ಟನ್ನಿನ ಅಧಿಕಾರಿಗಳಿಗೆ ಮುಟ್ಟಿಸುವುದು ಬಾಂಡ್ ಕೆಲಸ. ಸುದ್ದಿ ಹೊರಬಿದ್ದರೆ ಜೈಲಿನಲ್ಲಿರುವವರ ಪ್ರಾಣ ಉಳಿದೀತೆಂಬ ಲೆಕ್ಕ ಅದರ ಹಿಂದಿತ್ತು. ಭಾಷಣ ಮಾಡುವವರು, ಮೆರವಣಿಗೆ ನಡೆಸುವವರು ಸಾಕಷ್ಟಿದ್ದರು. ಮೇಜಿನ ಹಿಂದೆ ಕೂತು ಉದ್ವೇಗವಿಲ್ಲದ ವಾಕ್ಯ ಬರೆಯಬಲ್ಲವರು ಕಡಿಮೆ. ಬಾಂಡ್‌ರ ಮಾತಿನಲ್ಲಿ ಕೊನೆಯವರೆಗೂ ಉಳಿದ ತಣ್ಣನೆಯ ಹರಿತ ಈ ಕಾಲದ ಅಭ್ಯಾಸ.

ಕನ್ನಡ ಓದುಗರಿಗೆ ಇಲ್ಲೊಂದು ಪರಿಚಿತ ಹೆಸರು ಎದುರಾಗುತ್ತದೆ. 1951ರಲ್ಲಿ ಕಾಗೋಡು ಸತ್ಯಾಗ್ರಹಕ್ಕೆಂದು ಬಂದು ಸಾಗರದಲ್ಲಿ ಬಂಧಿತರಾಗಿದ್ದ ರಾಮಮನೋಹರ ಲೋಹಿಯಾ 1964ರ ಮೇ ತಿಂಗಳಲ್ಲಿ ಮಿಸಿಸಿಪ್ಪಿಯ ಜ್ಯಾಕ್ಸನ್ ನಗರದಲ್ಲಿ ಬಿಳಿಯರ ಹೋಟೆಲೊಂದಕ್ಕೆ ಕಾಲಿಟ್ಟು ಬಂಧಿತರಾದರು. ಆ ಬೇಸಿಗೆಯಲ್ಲೇ ಸ್ನಿಕ್ ಮುಂಚೂಣಿಯಲ್ಲಿ ನಿಂತು ಮಿಸಿಸಿಪ್ಪಿಯಲ್ಲಿ ಮತದಾರರ ನೋಂದಣಿಯ ದೊಡ್ಡ ಅಭಿಯಾನ ನಡೆಸಿತು.

ಗಡಿ ಬದಲಾದ ಜಾರ್ಜಿಯಾ

ಕಪ್ಪುವರ್ಣೀಯ ಯುವಕನೊಬ್ಬ ಇಪ್ಪತ್ತೈದನೆಯ ವಯಸ್ಸಿಗೆ ಜಾರ್ಜಿಯಾ ಶಾಸನಸಭೆಗೆ ಗೆದ್ದದ್ದು ಹೇಗೆಂದು ತಿಳಿಯಬೇಕಾದರೆ ಆ ರಾಜ್ಯದ ಮತದ ಲೆಕ್ಕವನ್ನು ಸ್ವಲ್ಪ ನೋಡಬೇಕು. ರಾಜ್ಯದಲ್ಲಿ 159 ಕೌಂಟಿಗಳು. ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿ ಗೆಲುವನ್ನು ತೀರ್ಮಾನಿಸುತ್ತಿದ್ದುದು ಜನರ ಮತಗಳ ಮೊತ್ತವಲ್ಲ, ಕೌಂಟಿಗಳಿಗೆ ಹಂಚಿದ್ದ 'ಯೂನಿಟ್' ಮತಗಳು. ಅತಿ ದೊಡ್ಡ 8 ಕೌಂಟಿಗಳಿಗೆ ತಲಾ 6, ನಡುವಿನ 30ಕ್ಕೆ ತಲಾ 4, ಉಳಿದ 121ಕ್ಕೆ ತಲಾ 2. ಹೀಗಾಗಿ ಪುಟ್ಟ ಮೂರು ಕೌಂಟಿಗಳು ಕೂಡಿದರೆ ಅಟ್ಲಾಂಟಾ ನಗರವಿರುವ ಫುಲ್ಟನ್ ಕೌಂಟಿಗೆ ಸಮ. 1960ರ ಜನಗಣತಿಯ ಪ್ರಕಾರ ಎಕಲ್ಸ್ ಕೌಂಟಿಯಲ್ಲಿ ಒಂದು ಯೂನಿಟ್ ಮತದ ಹಿಂದೆ 938 ಜನ, ಫುಲ್ಟನ್‌ನಲ್ಲಿ 92,721 ಜನ. ಡೆಮಾಕ್ರಟಿಕ್ ಪಕ್ಷವೊಂದೇ ರಾಜ್ಯವಾಳುತ್ತಿದ್ದ ಕಾಲವದು. ಪಕ್ಷದೊಳಗೆ ಗೆದ್ದವರೇ ರಾಜ್ಯದಲ್ಲೂ ಗೆದ್ದ ಹಾಗೆ. ನಗರದ ಮತಕ್ಕೆ, ಅದರಲ್ಲೂ ನಗರದ ಕಪ್ಪುವರ್ಣೀಯರ ಮತಕ್ಕೆ, ಬೆಲೆಯೇ ಇರಲಿಲ್ಲ. 205 ಸದಸ್ಯರ ಕೆಳಮನೆಯ ಹಂಚಿಕೆಯೂ ಇದೇ ಜಾಡಿನದು: ಐದೂವರೆ ಲಕ್ಷ ಜನರ ಫುಲ್ಟನ್‌ಗೆ 3 ಸ್ಥಾನ, ಎರಡು ಸಾವಿರ ಜನರೂ ಇಲ್ಲದ ಎಕಲ್ಸ್‌ಗೆ 1.

ಸುಪ್ರೀಂ ಕೋರ್ಟ್ 1963ರಲ್ಲಿ ಯೂನಿಟ್ ಪದ್ಧತಿಯನ್ನು ರದ್ದು ಮಾಡಿತು. ಮರುವರ್ಷ ಅಲಬಾಮದ ಪ್ರಕರಣವೊಂದರಲ್ಲಿ ರಾಜ್ಯಗಳ ಎರಡೂ ಸದನಗಳ ಕ್ಷೇತ್ರಗಳು ಜನಸಂಖ್ಯೆಗೆ ತಕ್ಕಂತಿರಬೇಕೆಂದು ಹೇಳಿತು. ಜಾರ್ಜಿಯಾ ಕೆಳಮನೆಯ ಕ್ಷೇತ್ರಗಳು 1965ರಲ್ಲಿ ಮರುವಿಂಗಡಣೆಯಾಗಿ, ಫುಲ್ಟನ್‌ಗೆ ಹಲವು ಪಟ್ಟು ಸ್ಥಾನಗಳು ಬಂದವು. ಅಟ್ಲಾಂಟಾದ ಕಪ್ಪುವರ್ಣೀಯರ ಬಡಾವಣೆಗಳು ಮೊದಲ ಸಲ ತಮ್ಮದೇ ಕ್ಷೇತ್ರಗಳಾದವು. ಅಂಥದ್ದೊಂದು 136ನೆಯ ಕ್ಷೇತ್ರ.

ಚುನಾವಣಾ ರಾಜಕೀಯಕ್ಕೆ ಇಳಿಯುವುದರ ಬಗ್ಗೆ ಸ್ನಿಕ್‌ನ ಒಳಗೇ ಅನುಮಾನಗಳಿದ್ದವು. ಆದರೂ ಬಾಂಡ್ ನಿಂತರು. ಮನೆಮನೆಗೆ ಹೋಗಿ, ನಿಮ್ಮ ಪ್ರತಿನಿಧಿ ಏನು ಮಾಡಬೇಕೆಂದು ಮತದಾರರನ್ನೇ ಕೇಳುವುದು ಪ್ರಚಾರದ ರೀತಿಯಾಯಿತು. ಅವರ ಉತ್ತರಗಳಿಂದ ಪ್ರಣಾಳಿಕೆ ಹುಟ್ಟಿತು: ಗಂಟೆಗೆ ಎರಡು ಡಾಲರ್ ಕನಿಷ್ಠ ಕೂಲಿ, ಕಾರ್ಮಿಕ ಸಂಘಗಳ ಕೈಕಟ್ಟುವ ಕಾನೂನಿನ ರದ್ದತಿ, ಬಡವರ ಮನೆಗಳ ದುರಸ್ತಿ. 1965ರ ಜೂನ್‌ನಲ್ಲಿ ಭಾರಿ ಅಂತರದಿಂದ ಗೆದ್ದರು.

ಖಾಲಿ ಕುರ್ಚಿ

ಸದನ ಸೇರಬೇಕಿದ್ದುದು 1966ರ ಜನವರಿ 10ರಂದು. ಅದಕ್ಕೆ ಒಂದು ವಾರ ಮುಂಚೆ, ಜನವರಿ 3ರ ರಾತ್ರಿ, ಅಲಬಾಮದ ಟಸ್ಕೀಗಿಯಲ್ಲಿ ಸ್ಯಾಮಿ ಯಂಗ್ ಎಂಬ ವಿದ್ಯಾರ್ಥಿಯನ್ನು ಪೆಟ್ರೋಲ್ ಬಂಕಿನಲ್ಲಿ ಗುಂಡಿಕ್ಕಿ ಕೊಂದರು. ಬಿಳಿಯರಿಗೆ ಮೀಸಲಾದ ಶೌಚಾಲಯ ಬಳಸಲು ಹೋದದ್ದೇ ಜಗಳದ ಮೂಲ. ಯಂಗ್ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ ಬಂದವನು, ಸ್ನಿಕ್ ಕಾರ್ಯಕರ್ತ. ವಿಯೆಟ್ನಾಂ ಯುದ್ಧವನ್ನು ವಿರೋಧಿಸುವ ಹೇಳಿಕೆಯೊಂದನ್ನು ಸ್ನಿಕ್ ಆಗಲೇ ಚರ್ಚಿಸುತ್ತಿತ್ತು; ಈ ಕೊಲೆಯ ನಂತರ, ಜನವರಿ 6ರಂದು, ಅದನ್ನು ಹೊರಡಿಸಿತು. ವಿಯೆಟ್ನಾಮಿನ ಜನರ ಸ್ವಾತಂತ್ರ್ಯದ ಬಗ್ಗೆ ಕಾಳಜಿಯಿದೆ ಎನ್ನುವ ಸರ್ಕಾರ ತನ್ನ ದೇಶದ ಕಪ್ಪುವರ್ಣೀಯರ ಸ್ವಾತಂತ್ರ್ಯದ ಬಗ್ಗೆ ಹೇಳುವಷ್ಟೇ ಸುಳ್ಳು ಹೇಳುತ್ತಿದೆ ಎಂಬುದು ಅದರ ತಿರುಳು. ಕಡ್ಡಾಯ ಸೈನ್ಯಭರ್ತಿಗೆ ಒಪ್ಪದ ತರುಣರ ಬಗ್ಗೆ ತಮಗೆ ಸಹಾನುಭೂತಿಯಿದೆ ಎಂದೂ ಅದರಲ್ಲಿತ್ತು.

ಹೇಳಿಕೆ ಹೊರಡಿಸಿದವರು ಸ್ನಿಕ್ ಅಧ್ಯಕ್ಷ ಜಾನ್ ಲೂಯಿಸ್. ಅದೇ ದಿನ ರೇಡಿಯೊ ವರದಿಗಾರನೊಬ್ಬ ಫೋನ್ ಮಾಡಿ ನಿಮಗಿದು ಒಪ್ಪಿಗೆಯೇ ಎಂದು ಕೇಳಿದಾಗ ಬಾಂಡ್ ಒಪ್ಪಿಗೆ ಎಂದರು. ಶಾಂತಿವಾದಿಯಾದ ತಾನು ಯುದ್ಧವನ್ನು ವಿರೋಧಿಸಲೇಬೇಕು, ಭರ್ತಿಚೀಟಿ ಸುಡುವವರ ಧೈರ್ಯವನ್ನು ಮೆಚ್ಚುತ್ತೇನೆ, ಆದರೆ ತಾನು ಸುಡುವುದಿಲ್ಲ ಎಂಬುದು ಅವರ ನಿಲುವು. ಸೈನ್ಯದ ಬದಲು ದೇಶದೊಳಗೆ ಪ್ರಜಾಪ್ರಭುತ್ವ ಕಟ್ಟುವ ಕೆಲಸವನ್ನೂ ಪರ್ಯಾಯ ಸೇವೆಯೆಂದು ಗಣಿಸಬಹುದು ಎಂಬುದು ಅವರು ಮುಂದಿಟ್ಟ ಸಲಹೆ.

ಇಷ್ಟು ಸಾಕಾಯಿತು. ದೇಶದ್ರೋಹದ ಮಾತು ಎದ್ದಿತು. ಎಪ್ಪತ್ತಕ್ಕೂ ಹೆಚ್ಚು ಶಾಸಕರು ಬಾಂಡ್ ಸದಸ್ಯತ್ವವನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಜನವರಿ 10ರ ಬೆಳಿಗ್ಗೆ ಉಳಿದವರೆಲ್ಲ ಪ್ರಮಾಣವಚನ ತೆಗೆದುಕೊಳ್ಳುವಾಗ ಬಾಂಡ್ ಬದಿಗೆ ಸರಿಯಬೇಕಾಯಿತು. ವಿಶೇಷ ಸಮಿತಿಯೊಂದು ವಿಚಾರಣೆ ನಡೆಸಿತು. ಅದೇ ದಿನ ಸದನ 184–12 ಮತಗಳಿಂದ ಅವರನ್ನು ಹೊರಗಿಟ್ಟಿತು. ಅರ್ಜಿದಾರರ ವಾದವಿಷ್ಟು: ಸಂವಿಧಾನವನ್ನು ಎತ್ತಿಹಿಡಿಯುವ ಪ್ರಮಾಣವನ್ನು ಇಂಥ ಮಾತಾಡಿದವರು ಮನಸ್ಸಿಟ್ಟು ಸ್ವೀಕರಿಸಲಾರರು. ಪ್ರಮಾಣ ಸ್ವೀಕರಿಸಲು ಬಾಂಡ್ ಸಿದ್ಧರಿದ್ದರು ಎಂಬುದು ಆ ವಾದಕ್ಕೆ ಅಡ್ಡಿಯಾಗಲಿಲ್ಲ.

ಜಾರ್ಜಿಯಾ ಸದನಕ್ಕೆ ಇದು ಹೊಸ ಕೆಲಸವೇನಲ್ಲ. ಅಂತರ್ಯುದ್ಧ ಮುಗಿದ ಮೇಲೆ, 1868ರಲ್ಲಿ, ಗೆದ್ದು ಬಂದಿದ್ದ 33 ಕಪ್ಪುವರ್ಣೀಯ ಶಾಸಕರಲ್ಲಿ ಬಹುತೇಕರನ್ನು ಇದೇ ಶಾಸನಸಭೆ ಬಣ್ಣದ ಕಾರಣ ಕೊಟ್ಟೇ ಹೊರಹಾಕಿತ್ತು. ಕೇಂದ್ರ ಸರ್ಕಾರ ಮಧ್ಯೆ ಬಂದು 1870ರಲ್ಲಿ ಅವರನ್ನು ಮರಳಿ ಕೂರಿಸಬೇಕಾಯಿತು. 1966ರಲ್ಲಿ ಬಣ್ಣದ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಬಾಂಡ್ ಜೊತೆ ಗೆದ್ದ ಬೇರೆ ಕಪ್ಪುವರ್ಣೀಯ ಸದಸ್ಯರನ್ನು ಸದನ ಸುಮ್ಮನೆ ಒಳಗೆ ಬಿಟ್ಟುಕೊಂಡಿತು. ಆದ್ದರಿಂದ ಪ್ರಕರಣವನ್ನು ವರ್ಣದ್ವೇಷವೊಂದರಿಂದಲೇ ವಿವರಿಸಲು ಬರುವುದಿಲ್ಲ. ವರ್ಣದ್ವೇಷವಿಲ್ಲದೆಯೂ ವಿವರಿಸಲು ಬರುವುದಿಲ್ಲ. ಅಧಿಕಾರಕ್ಕೆ ಬಗ್ಗದ ಸ್ನಿಕ್ ಎಂಬ ಸಂಸ್ಥೆಯ ಮೇಲಿನ ಹಳೆಯ ಸಿಟ್ಟಿಗೆ ಯುದ್ಧಕಾಲದ ದೇಶಭಕ್ತಿ ಒಂದು ನೆಪ ಒದಗಿಸಿತು.

ಕಿಂಗ್ ತಮ್ಮ ಹಳೆಯ ಶಿಷ್ಯನ ಪರವಾಗಿ ಜಾರ್ಜಿಯಾ ಶಾಸನಭವನಕ್ಕೆ ಮೆರವಣಿಗೆ ನಡೆಸಿದರು. ಮತದಾರರೂ ಸುಮ್ಮನಿರಲಿಲ್ಲ. ತೆರವಾಯಿತೆನ್ನಲಾದ ಸ್ಥಾನಕ್ಕೆ ಫೆಬ್ರವರಿಯಲ್ಲಿ ಉಪಚುನಾವಣೆ ನಡೆದಾಗ ಬಾಂಡ್‌ರನ್ನೇ ಮತ್ತೆ ಗೆಲ್ಲಿಸಿದರು. ಸದನದ ಸಮಿತಿ ಮತ್ತೆ ಬೇಡವೆಂದಿತು. ನವೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ ಇನ್ನೊಮ್ಮೆ ಗೆಲ್ಲಿಸಿದರು.

ತೀರ್ಪು

ಬಾಂಡ್ ಹೂಡಿದ ದಾವೆ ಮೊದಲು ಅಟ್ಲಾಂಟಾದ ಮೂವರು ನ್ಯಾಯಾಧೀಶರ ಫೆಡರಲ್ ಪೀಠದಲ್ಲಿ 2–1ರಿಂದ ಬಿದ್ದುಹೋಯಿತು. ಬಹುಮತದ ಇಬ್ಬರಲ್ಲಿ ಒಬ್ಬರಾದ ಗ್ರಿಫಿನ್ ಬೆಲ್ ಮುಂದೆ ಜಿಮ್ಮಿ ಕಾರ್ಟರ್ ಸರ್ಕಾರದ ಅಟಾರ್ನಿ ಜನರಲ್ ಆದರು. ಭಿನ್ನಮತ ಬರೆದವರು ಎಲ್ಬರ್ಟ್ ಟಟಲ್. ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದದ ಕಾನೂನುಗಳನ್ನು ಒಂದೊಂದಾಗಿ ಕೆಡವಿದ ನ್ಯಾಯಾಧೀಶರಲ್ಲಿ ಅವರೂ ಒಬ್ಬರು.

1966ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ, ಒಂಬತ್ತೂ ನ್ಯಾಯಮೂರ್ತಿಗಳ ಒಪ್ಪಿಗೆಯಿಂದ, ಬಾಂಡ್ ಪರ ತೀರ್ಪು ಕೊಟ್ಟಿತು. ಬರೆದವರು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್. ರಾಜ್ಯದ ಮುಖ್ಯ ವಾದ ಎರಡು: ತನ್ನ ಸದಸ್ಯರ ಅರ್ಹತೆಯನ್ನು ತೀರ್ಮಾನಿಸುವುದು ಸದನದ ಹಕ್ಕು, ಶಾಸಕರ ನಿಷ್ಠೆಯನ್ನು ಸಾಮಾನ್ಯ ನಾಗರಿಕರದಕ್ಕಿಂತ ಬಿಗಿಯಾದ ಅಳತೆಯಲ್ಲಿ ಅಳೆಯಬಹುದು. ಶಾಸಕರಿಂದ ಪ್ರಮಾಣವಚನ ಪಡೆಯುವ ಅಧಿಕಾರ ರಾಜ್ಯಕ್ಕಿದೆ ಎಂಬುದನ್ನು ವಾರನ್ ಒಪ್ಪಿದರು. ಆದರೆ ಆ ಪ್ರಮಾಣವನ್ನು ಸದಸ್ಯನೊಬ್ಬನ ಮನಸ್ಸಿನ ಪ್ರಾಮಾಣಿಕತೆಯನ್ನು ಕೆದಕುವ ಸಾಧನವಾಗಿ ಬಹುಮತದ ಕೈಗೆ ಕೊಟ್ಟರೆ, ತನಗಾಗದ ಅಭಿಪ್ರಾಯದವರನ್ನೆಲ್ಲ ಅದು ಹೊರಗಿಡಬಹುದು ಎಂದರು. ಬಾಂಡ್ ಮಾತಿನಲ್ಲಿ ಕಾನೂನು ಮುರಿಯಿರೆಂಬ ಪ್ರಚೋದನೆ ಇರಲಿಲ್ಲ. ಸಾಮಾನ್ಯ ನಾಗರಿಕ ಆಡಿದ್ದರೆ ಶಿಕ್ಷಿಸಲಾಗದ ಮಾತಿಗೆ ಶಾಸಕನನ್ನು ಹೇಗೆ ಶಿಕ್ಷಿಸುವುದು? ಪ್ರತಿನಿಧಿಗಳಿಗೆ ಈ ಸ್ವಾತಂತ್ರ್ಯ ಕಡಿಮೆಯಿರಬೇಕೆಂಬ ವಾದವನ್ನು ನ್ಯಾಯಾಲಯ ತಿರುಗಿಸಿಯೇ ಹಾಕಿತು. ವಿವಾದದ ವಿಷಯಗಳಲ್ಲಿ ತಮ್ಮ ಪ್ರತಿನಿಧಿಯ ನಿಲುವೇನೆಂದು ತಿಳಿಯುವುದು ಮತದಾರರ ಹಕ್ಕು, ಆದ್ದರಿಂದ ನಿಲುವು ಹೇಳುವುದು ಪ್ರತಿನಿಧಿಯ ಕರ್ತವ್ಯವೂ ಹೌದು ಎಂಬುದು ತೀರ್ಪಿನ ಸಾರ.

ನಮ್ಮ ಸಂವಿಧಾನದ 194ನೆಯ ವಿಧಿ ಶಾಸಕರು ಸದನದೊಳಗೆ ಆಡಿದ ಮಾತಿಗೆ ನ್ಯಾಯಾಲಯದಿಂದ ರಕ್ಷಣೆ ಕೊಡುತ್ತದೆ. ಬಾಂಡ್ ಪ್ರಕರಣದ ದಿಕ್ಕು ಬೇರೆ. ಅವರು ಮಾತಾಡಿದ್ದು ಸದನದ ಹೊರಗೆ, ಪ್ರಮಾಣವಚನಕ್ಕೂ ಮುಂಚೆ. ರಕ್ಷಣೆ ಬೇಕಾದದ್ದು ಸದನದಿಂದಲೇ, ಕೊಟ್ಟದ್ದು ನ್ಯಾಯಾಲಯ.

1967ರ ಜನವರಿ 9ರಂದು ಬಾಂಡ್ ಪ್ರಮಾಣವಚನ ಸ್ವೀಕರಿಸಿದರು. ಮರುದಿನ ಅದೇ ಶಾಸನಸಭೆ ರಾಜ್ಯಪಾಲರನ್ನಾಗಿ ಆರಿಸಿದ್ದು ಲೆಸ್ಟರ್ ಮ್ಯಾಡಕ್ಸ್ ಎಂಬವರನ್ನು. ಅಮೆರಿಕದಲ್ಲಿ ರಾಜ್ಯಪಾಲ ಎಂದರೆ ನಮ್ಮ ಮುಖ್ಯಮಂತ್ರಿಯ ಅಧಿಕಾರವುಳ್ಳವರು; ಜನರಿಂದ ಚುನಾಯಿತರಾಗಬೇಕಾದ ಆ ಹುದ್ದೆಗೆ ಯಾರಿಗೂ ಬಹುಮತ ಬಾರದೆ ಆಯ್ಕೆ ಶಾಸನಸಭೆಗೆ ಬಿದ್ದಿತ್ತು. ಅಟ್ಲಾಂಟಾದಲ್ಲಿ ಹೋಟೆಲ್ ನಡೆಸುತ್ತಿದ್ದ ಮ್ಯಾಡಕ್ಸ್, ಒಳಗೆ ಬಂದ ಕಪ್ಪುವರ್ಣೀಯರನ್ನು ಬೆಂಬಲಿಗರ ಸಮೇತ ಕೊಡಲಿ ಕಾವು ಹಿಡಿದು ಓಡಿಸಿ ಪ್ರಸಿದ್ಧರಾದವರು. ಬಾಂಡ್‌ರನ್ನು ಒಳಗೆ ಬಿಡಲು ಅಷ್ಟು ಯೋಚಿಸಿದ ಸದನಕ್ಕೆ ಈ ಆಯ್ಕೆಯಲ್ಲಿ ಸಂಕೋಚವೇನೂ ಕಾಣಲಿಲ್ಲ. ಯುದ್ಧದ ಬಗ್ಗೆ ಬಾಂಡ್ ನಿಲುವೂ ಸಡಿಲವಾಗಲಿಲ್ಲ. ಅದೇ ವರ್ಷ ಅವರು ವಿಯೆಟ್ನಾಂ ಯುದ್ಧದ ಕಥೆಯನ್ನು ಸಾಮಾನ್ಯ ಓದುಗರಿಗಾಗಿ ಚಿತ್ರಕಥೆಯ ಪುಸ್ತಕವಾಗಿ ಬರೆದು ಹಂಚಿದರು.

ಷಿಕಾಗೊ, 1968

ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಆರಿಸುವ ಡೆಮಾಕ್ರಟಿಕ್ ಪಕ್ಷದ ಷಿಕಾಗೊ ಮಹಾಧಿವೇಶನಕ್ಕೆ ಜಾರ್ಜಿಯಾದಿಂದ ಎರಡು ನಿಯೋಗಗಳು ಹೋದವು. ಒಂದು ಮ್ಯಾಡಕ್ಸ್ ಮತ್ತು ಪಕ್ಷದ ನಾಯಕರು ಆರಿಸಿದ್ದು, ಹೆಚ್ಚುಕಡಿಮೆ ಪೂರ್ತಿ ಬಿಳಿಯರದು. ಇನ್ನೊಂದು ಅದಕ್ಕೆ ಎದುರಾಗಿ ಕಟ್ಟಿದ ಮಿಶ್ರ ನಿಯೋಗ. ಎರಡನೆಯದರ ಮುಂದಾಳುಗಳಲ್ಲಿ ಬಾಂಡ್ ಒಬ್ಬರು. ಪಕ್ಷ ಸ್ಥಾನಗಳನ್ನು ಇಬ್ಭಾಗ ಮಾಡಿ ಹಂಚಿತು. ಯುದ್ಧವಿರೋಧಿ ಅಭ್ಯರ್ಥಿ ಯೂಜಿನ್ ಮೆಕಾರ್ಥಿ ಹೆಸರನ್ನು ಅನುಮೋದಿಸಿ ಬಾಂಡ್ ಮಾತಾಡಿದರು. ವಿಸ್ಕಾನ್ಸಿನ್ ಪ್ರತಿನಿಧಿಗಳು ಉಪಾಧ್ಯಕ್ಷ ಸ್ಥಾನಕ್ಕೆ ಬಾಂಡ್ ಹೆಸರನ್ನೇ ಸೂಚಿಸಿದರು. ಡೆಮಾಕ್ರಟಿಕ್ ಪಕ್ಷದ ಅಧಿವೇಶನದಲ್ಲಿ ಆ ಸ್ಥಾನಕ್ಕೆ ಸೂಚಿತರಾದ ಮೊದಲ ಕಪ್ಪುವರ್ಣೀಯ ಅವರು. ಹುದ್ದೆಗೆ ಸಂವಿಧಾನ ಕೇಳುವ ವಯಸ್ಸು 35. ಬಾಂಡ್‌ಗೆ 28. ನಸುನಗುತ್ತ ಹೆಸರು ಹಿಂದಕ್ಕೆ ಪಡೆದರು. ಹೊರಗೆ ಬೀದಿಯಲ್ಲಿ ಪೊಲೀಸರು ಯುದ್ಧವಿರೋಧಿಗಳನ್ನು ಬಡಿಯುತ್ತಿದ್ದರು, ಒಳಗೆ ತೆಳುಮೈಯ ಈ ತರುಣ ಶಾಸಕ ಮೆತ್ತಗೆ ಮಾತಾಡುತ್ತಿದ್ದರು. ಟಿವಿ ನೋಡಿದ ದೇಶಕ್ಕೆ ಎರಡೂ ನೆನಪುಳಿದವು.

ಸದನದಲ್ಲಿ

ಹೀಗೆ ಹಬ್ಬಿದ ಹೆಸರು ಅವರ ಶಾಸಕತ್ವಕ್ಕೆ ಒಳ್ಳೆಯದನ್ನೇ ಮಾಡಿತೆನ್ನಲಾಗದು. ಜಾರ್ಜಿಯಾ ಶಾಸನಸಭೆ ಕೂಡುವುದು ವರ್ಷದ ಮೊದಲ ಕೆಲವು ತಿಂಗಳಷ್ಟೇ, ಸಂಬಳವೂ ಅಲ್ಪ. ಮಿಕ್ಕ ದಿನಗಳಲ್ಲಿ ಬಾಂಡ್ ದೇಶದ ಕಾಲೇಜುಗಳಲ್ಲಿ ಉಪನ್ಯಾಸ ಕೊಡುತ್ತ ಸಂಸಾರ ಸಾಗಿಸಿದರು. ಅಧಿವೇಶನ ನಡೆಯುವಾಗಲೂ ಊರಲ್ಲಿ ಸಿಗುವುದಿಲ್ಲ, ಕ್ಷೇತ್ರಕ್ಕಿಂತ ಟಿವಿಯಲ್ಲೇ ಹೆಚ್ಚು ಕಾಣುತ್ತಾರೆ ಎಂಬ ದೂರು ಬೆನ್ನುಹತ್ತಿತು. 1977ರಲ್ಲಿ 'ಸ್ಯಾಟರ್ಡೇ ನೈಟ್ ಲೈವ್' ಎಂಬ ಜನಪ್ರಿಯ ಹಾಸ್ಯ ಕಾರ್ಯಕ್ರಮ ನಡೆಸಿಕೊಟ್ಟರು, ರಿಚರ್ಡ್ ಪ್ರಯರ್ ಅಭಿನಯದ ಚಲನಚಿತ್ರವೊಂದರಲ್ಲಿ ಸಣ್ಣ ಪಾತ್ರ ಮಾಡಿದರು. ಕುಡಗೋಲು ಕಣರಕ್ತಹೀನತೆಯ ತಪಾಸಣೆ, ಬಡವರಿಗೆ ಕಡಿಮೆ ಬಡ್ಡಿಯ ಗೃಹಸಾಲ ಮೊದಲಾದವನ್ನು ಕುರಿತು ಅರವತ್ತಕ್ಕೂ ಹೆಚ್ಚು ಮಸೂದೆಗಳಿಗೆ ಅವರು ಸೂಚಕರು ಇಲ್ಲವೆ ಸಹಸೂಚಕರು. ಎದುರು ಬಹುಮತವಿರುವ ಸದನದಲ್ಲಿ ಒಬ್ಬ ಸದಸ್ಯನ ಕೈಲಾದದ್ದು ಅಷ್ಟೇ ಎನ್ನಬಹುದು. ಆದರೆ ಒಬ್ಬೊಬ್ಬ ಸದಸ್ಯರನ್ನೂ ಪಕ್ಕಕ್ಕೆ ಕರೆದು, ಕೊಟ್ಟು ತೆಗೆದುಕೊಂಡು ಮತ ಕೂಡಿಸುವ ಓಡಾಟ ಅವರ ಜಾಯಮಾನದ್ದಲ್ಲ. ಸದನದ ಹೊರಗೆ ಕೈಹಾಕಿದ ಕೆಲಸಗಳಲ್ಲಿ ದೊಡ್ಡದು, 1971ರಲ್ಲಿ ಮಾರಿಸ್ ಡೀಸ್, ಜೋಸೆಫ್ ಲೆವಿನ್ ಎಂಬ ವಕೀಲರು ಅಲಬಾಮದಲ್ಲಿ ಸ್ಥಾಪಿಸಿದ 'ಸದರ್ನ್ ಪಾವರ್ಟಿ ಲಾ ಸೆಂಟರ್'. ಬಾಂಡ್ ಅದರ ಮೊದಲ ಅಧ್ಯಕ್ಷರು. ಅದೇ ವರ್ಷ ಮೋರ್‌ಹೌಸ್‌ಗೆ ಮರಳಿ, ಹತ್ತು ವರ್ಷ ಬಾಕಿ ಉಳಿಸಿಕೊಂಡಿದ್ದ ಇಂಗ್ಲಿಷ್ ಪದವಿಯನ್ನೂ ಮುಗಿಸಿದರು.

ಐದನೆಯ ಕ್ಷೇತ್ರ

ಶಾಸಕರಾಗಿ ಅವರು ಅತಿ ಪಟ್ಟುಹಿಡಿದು ದುಡಿದದ್ದು 1980ರ ಜನಗಣತಿಯ ನಂತರದ ಕ್ಷೇತ್ರ ಮರುವಿಂಗಡಣೆಯಲ್ಲಿ. ಅಟ್ಲಾಂಟಾವನ್ನೊಳಗೊಂಡ ಐದನೆಯ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರದಲ್ಲಿ ಕಪ್ಪುವರ್ಣೀಯರ ಪ್ರಮಾಣ ಶೇ. 69ರಷ್ಟಿರುವಂತೆ ಬಾಂಡ್ ನಕ್ಷೆ ಮುಂದಿಟ್ಟರು. ಸೆನೆಟ್‌ನಲ್ಲಿ ಅದಕ್ಕೆ ರಿಪಬ್ಲಿಕನ್ನರ ಬೆಂಬಲವೂ ಸಿಕ್ಕಿತು. ಕಪ್ಪುವರ್ಣೀಯರ ಮತಗಳು ಒಂದೇ ಕ್ಷೇತ್ರದಲ್ಲಿ ಕೂಡಿಕೊಂಡರೆ ಸುತ್ತಲ ಕ್ಷೇತ್ರಗಳು ತಮಗೆ ಹಗುರಾಗುತ್ತವೆ ಎಂಬ ಲೆಕ್ಕ ಅವರದು. ಮುಂದಿನ ದಶಕಗಳಲ್ಲಿ ಆ ಲೆಕ್ಕ ದಕ್ಷಿಣದ ರಾಜ್ಯಗಳಲ್ಲೆಲ್ಲ ನಿಜವಾಯಿತು. ಕೆಳಮನೆ ಬಾಂಡ್ ನಕ್ಷೆಯನ್ನು ತಳ್ಳಿಹಾಕಿತು. ಕೊನೆಗೆ ಶಾಸನಸಭೆ ಒಪ್ಪಿದ್ದು ಪ್ರಮಾಣವನ್ನು ಶೇ. 57ಕ್ಕೆ ಇಳಿಸಿದ ಇನ್ನೊಂದು ನಕ್ಷೆಯನ್ನು. ಮತದಾನದ ಹಕ್ಕಿನ ಕಾನೂನಿನಡಿ ಕೇಂದ್ರದ ನ್ಯಾಯ ಇಲಾಖೆ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. 1982ರಲ್ಲಿ ವಾಷಿಂಗ್ಟನ್ನಿನ ಫೆಡರಲ್ ಪೀಠ, ಆ ನಕ್ಷೆಯ ಹಿಂದಿರುವುದು ವರ್ಣದ್ವೇಷದ ಉದ್ದೇಶವೇ ಎಂದು ತೀರ್ಮಾನಿಸಿತು. ಆಮೇಲೆ ಬಂದ ನಕ್ಷೆಯಲ್ಲಿ ಪ್ರಮಾಣ ಶೇ. 65ರ ಆಸುಪಾಸಿಗೆ ಏರಿತು.

ಆಗಿನ ಸಂಸದರು 1986ರಲ್ಲಿ ಅಮೆರಿಕದ ಸೆನೆಟ್‌ಗೆ ಸ್ಪರ್ಧಿಸಲು ಕ್ಷೇತ್ರ ತೆರವು ಮಾಡಿದಾಗ, ಗೆಲುವು ಬಾಂಡ್‌ರದೇ ಎಂದು ಬಹುತೇಕ ಎಲ್ಲರೂ ಎಣಿಸಿದ್ದರು. ಎದುರಿಗೆ ನಿಂತವರು ಜಾನ್ ಲೂಯಿಸ್. ಅಲಬಾಮದ ಪಾಲುಗಾರ ಒಕ್ಕಲಿನ ಮಗ, ಮತದಾನದ ಹಕ್ಕಿನ ಮೆರವಣಿಗೆಯಲ್ಲಿ ಸೆಲ್ಮಾ ಸೇತುವೆಯ ಮೇಲೆ ಪೊಲೀಸರಿಂದ ತಲೆ ಒಡೆಸಿಕೊಂಡವರು, ಸ್ನಿಕ್ ದಿನಗಳಿಂದ ಬಾಂಡ್ ಒಡನಾಡಿ. ಎಪ್ಪತ್ತರ ದಶಕದಲ್ಲಿ ಇಬ್ಬರೂ ಜೊತೆಯಾಗಿ ದಕ್ಷಿಣದ ಹಳ್ಳಿಗಳಲ್ಲಿ ಮತದಾರರ ನೋಂದಣಿಗಾಗಿ ಸುತ್ತಿದ್ದರು. ಪ್ರಾಥಮಿಕ ಚುನಾವಣೆಯ ಮೊದಲ ಸುತ್ತಿನಲ್ಲಿ ಬಾಂಡ್ ಶೇ. 47, ಲೂಯಿಸ್ ಶೇ. 35. ಬಹುಮತಕ್ಕೆ ತುಸು ಕಡಿಮೆ ಬಿದ್ದದ್ದರಿಂದ ಎರಡನೆಯ ಸುತ್ತು ಬೇಕಾಯಿತು. ಲೂಯಿಸ್ ತಮ್ಮನ್ನು ದುಡಿಯುವ ಕುದುರೆಯೆಂದೂ ಎದುರಾಳಿಯನ್ನು ಮೆರೆಯುವ ಕುದುರೆಯೆಂದೂ ಬಣ್ಣಿಸಿದರು. ಚರ್ಚೆಯೊಂದರಲ್ಲಿ ಇಬ್ಬರೂ ಮಾದಕದ್ರವ್ಯ ಪರೀಕ್ಷೆಗೆ ಒಳಗಾಗೋಣವೆಂದು ಸವಾಲು ಹಾಕಿದರು, ಬಾಂಡ್ ಒಪ್ಪಲಿಲ್ಲ. ಸೆಪ್ಟೆಂಬರ್ 2ರ ಫಲಿತಾಂಶದಲ್ಲಿ ಲೂಯಿಸ್‌ಗೆ ಶೇ. 52, ಬಾಂಡ್‌ಗೆ ಶೇ. 48.

ಮತಗಳ ಹಂಚಿಕೆಯಲ್ಲಿ ವಿಪರ್ಯಾಸವೊಂದಿತ್ತು. ಕಪ್ಪುವರ್ಣೀಯ ಮತದಾರರಲ್ಲಿ ಹೆಚ್ಚಿನವರು ಬಾಂಡ್ ಪರ. ಬಿಳಿಯರ ಮತಗಳು ಒಟ್ಟಾಗಿ ಲೂಯಿಸ್‌ರನ್ನು ಗೆಲ್ಲಿಸಿದವು. ಶೇ. 69ರ ಮೊದಲ ನಕ್ಷೆಯೇ ಉಳಿದಿದ್ದರೆ ಫಲಿತಾಂಶ ಏನಾಗುತ್ತಿತ್ತೋ. ಆ ಕ್ಷೇತ್ರವನ್ನು ಲೂಯಿಸ್ 2020ರ ಜುಲೈನಲ್ಲಿ ತೀರಿಕೊಳ್ಳುವವರೆಗೆ ಪ್ರತಿನಿಧಿಸಿದರು. ಸಂಸತ್ತಿಗೆ ನಿಲ್ಲಲು ರಾಜ್ಯ ಸೆನೆಟ್ ಸ್ಥಾನ ಬಿಟ್ಟಿದ್ದ ಬಾಂಡ್ ಮತ್ತೆಂದೂ ಚುನಾವಣೆಗೆ ನಿಲ್ಲಲಿಲ್ಲ. ಹಳೆಯ ಗೆಳೆತನ ಮೊದಲಿನಂತಾಗಲು ಬಹಳ ಕಾಲ ಹಿಡಿಯಿತು.

ನಂತರದ ವರ್ಷಗಳು

ಸೋಲಿನ ಮರುವರ್ಷವೇ ಬಾಂಡ್ ದನಿ ಅಮೆರಿಕದ ಮನೆಮನೆಗೆ ಬಂತು. ಹೆನ್ರಿ ಹ್ಯಾಂಪ್ಟನ್ ನಿರ್ಮಿಸಿದ 'ಐಸ್ ಆನ್ ದ ಪ್ರೈಜ್' ಎಂಬ 14 ಕಂತುಗಳ ಸಾಕ್ಷ್ಯಚಿತ್ರ ನಾಗರಿಕ ಹಕ್ಕುಗಳ ಚಳವಳಿಯ ಅತ್ಯುತ್ತಮ ದಾಖಲೆಗಳಲ್ಲೊಂದು. 1987 ಮತ್ತು 1990ರಲ್ಲಿ ಎರಡು ಭಾಗಗಳಾಗಿ ಪ್ರಸಾರವಾದ ಅದರ ನಿರೂಪಣೆ ಬಾಂಡ್‌ರದು. ಎಲ್ಲಿಯೂ ದನಿಯೇರಿಸದ ಆ ಓದಿನಲ್ಲಿ ಸ್ನಿಕ್ ಕಚೇರಿಯ ಪತ್ರಿಕಾ ಹೇಳಿಕೆಗಳ ಶೈಲಿ ಕೇಳಿಸುತ್ತದೆ. 1909ರಲ್ಲಿ ಹುಟ್ಟಿದ, ಕಪ್ಪುವರ್ಣೀಯರ ಅತಿ ಹಳೆಯ ಹಕ್ಕುಗಳ ಸಂಸ್ಥೆಯಾದ ಎನ್‌ಎಎಸಿಪಿಗೆ 1998ರಿಂದ 2010ರವರೆಗೆ ಅಧ್ಯಕ್ಷರಾಗಿದ್ದರು. ಸಲಿಂಗಿಗಳ ಮದುವೆಯ ಹಕ್ಕನ್ನು ನಾಗರಿಕ ಹಕ್ಕಿನ ಪ್ರಶ್ನೆಯೆಂದೇ ವಾದಿಸಿದರು. ಆ ಹಕ್ಕನ್ನು ವಿರೋಧಿಸುವ ಚರ್ಚಿನಲ್ಲಿ ನಡೆಯುತ್ತದೆಂಬ ಕಾರಣಕ್ಕೆ 2006ರಲ್ಲಿ ಕಿಂಗ್ ಪತ್ನಿ ಕೊರೆಟ್ಟಾ ಅವರ ಅಂತ್ಯಕ್ರಿಯೆಗೂ ಹೋಗಲಿಲ್ಲ. 2013ರಲ್ಲಿ, 73ನೆಯ ವಯಸ್ಸಿನಲ್ಲಿ, ತೈಲ ಕೊಳವೆ ಮಾರ್ಗವೊಂದನ್ನು ವಿರೋಧಿಸಿ ಶ್ವೇತಭವನದ ಮುಂದೆ ಬಂಧಿತರಾದರು. 2015ರಲ್ಲಿ ಫ್ಲಾರಿಡಾದಲ್ಲಿ ತೀರಿಕೊಂಡರು. ಚಿತಾಭಸ್ಮವನ್ನು ಸಮುದ್ರಕ್ಕೆ ಬಿಟ್ಟರು.

ಎರಡು ದಶಕಕ್ಕೂ ಹೆಚ್ಚು ಕಾಲ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲೂ ವಾಷಿಂಗ್ಟನ್ನಿನ ಅಮೆರಿಕನ್ ಯೂನಿವರ್ಸಿಟಿಯಲ್ಲೂ ಅವರು ಕಲಿಸಿದ ವಿಷಯ ನಾಗರಿಕ ಹಕ್ಕುಗಳ ಚಳವಳಿಯ ಚರಿತ್ರೆ. ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಕುಳಿತದ್ದರಿಂದ, ಕಿಂಗ್ ಎದ್ದು ನಿಂತದ್ದರಿಂದ ಎಲ್ಲ ಸರಿಹೋಯಿತು ಎನ್ನುವ ಶಾಲಾಪಠ್ಯದ ಕಥೆಯನ್ನು ವಿದ್ಯಾರ್ಥಿಗಳ ಮುಂದೆ ಅವರು ಬಿಡಿಸಿ ತೋರಿಸುತ್ತಿದ್ದರು. ಹಳ್ಳಿಯ ಗೇಣಿದಾರರು, ಮತದಾರರ ಪಟ್ಟಿಗೆ ಹೆಸರು ಬರೆಸಿ ಕೆಲಸ ಕಳೆದುಕೊಂಡವರು, ಸಭೆಗೆ ಅಡುಗೆ ಮಾಡಿ ಕಳಿಸಿದ ಹೆಂಗಸರು ಆ ಪಾಠಗಳಲ್ಲಿ ಬರುತ್ತಿದ್ದರು. ತರಗತಿಗಾಗಿ ಅವರು ಬರೆದಿಟ್ಟಿದ್ದ ಉಪನ್ಯಾಸಗಳು 2021ರಲ್ಲಿ ಪುಸ್ತಕವಾಗಿ ಪ್ರಕಟವಾದವು.